ನೆಲದಿಂದ ತಾನೇ ಏಳುವ ಶಕ್ತಿ: ಐವತ್ತು ದಾಟಿದವರಿಗೊಂದು ಮಾರ್ಗದರ್ಶಿ

ಊಟ ಮುಗಿಸಿ ಮಣೆಯಿಂದ ಏಳುವಾಗ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಮನಿಸಿದರೆ ಒಬ್ಬರ ಮುಪ್ಪು ಎಲ್ಲಿಯವರೆಗೆ ಬಂದಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಕೆಲವರು ಏನನ್ನೂ ಹಿಡಿಯದೆ ಎದ್ದುಬಿಡುತ್ತಾರೆ, ಕೆಲವರು ಮಂಡಿಯ ಮೇಲೆ ಕೈಯೂರುತ್ತಾರೆ, ಇನ್ನು ಕೆಲವರು ಗೋಡೆಯನ್ನೋ ಪಕ್ಕದವರ ಭುಜವನ್ನೋ ಹುಡುಕುತ್ತಾರೆ. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಗಿಲ್ ಅರೌಜೊ ಮತ್ತು ಸಂಗಡಿಗರು 51ರಿಂದ 80 ವರ್ಷದೊಳಗಿನ ಎರಡು ಸಾವಿರ ಮಂದಿಯನ್ನು ಹೀಗೆಯೇ ನೆಲಕ್ಕೆ ಕೂರಿಸಿ, ಎಬ್ಬಿಸಿ, ಎಷ್ಟು ಆಸರೆ ಬೇಕಾಯಿತು ಎಂಬುದರ ಮೇಲೆ ಅಂಕ ಕೊಟ್ಟು, ಸುಮಾರು ಆರು ವರ್ಷ ಅವರ ಮೇಲೆ ಕಣ್ಣಿಟ್ಟಿದ್ದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಡಿಮೆ ಅಂಕ ಪಡೆದವರಲ್ಲಿ ಸಾವಿನ ಪ್ರಮಾಣ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ನೆಲದಿಂದ ಎದ್ದ ಮಾತ್ರಕ್ಕೆ ಆಯಸ್ಸು ಬೆಳೆಯುತ್ತದೆ ಎಂದು ಇದರ ಅರ್ಥವಲ್ಲ. ಕಾಲಿನ ಬಲ, ಸಮತೋಲ, ಕೀಲುಗಳ ಸಲೀಸು, ದೇಹದ ಭಾರ ಇವೆಲ್ಲವೂ ಆ ಒಂದು ಚಲನೆಯಲ್ಲಿ ಒಟ್ಟಿಗೆ ಪರೀಕ್ಷೆಗೆ ಒಳಗಾಗುತ್ತವೆ, ಅಷ್ಟೆ.

ದೀರ್ಘಾಯುಷ್ಯದ ಹೆಸರಿನಲ್ಲಿ ಇಂದು ಬಹಳಷ್ಟು ವಸ್ತುಗಳು ಮಾರಾಟವಾಗುತ್ತಿವೆ. ಅವುಗಳ ನಡುವೆ ‘ಫಂಕ್ಷನಲ್ ಮೆಡಿಸಿನ್’ ಎಂಬ ಮಾತು ನಮ್ಮ ನಗರಗಳಲ್ಲೂ ಕೇಳಿಬರುತ್ತಿದೆ. ಅಮೆರಿಕದ ಜೆಫ್ರಿ ಬ್ಲಾಂಡ್ 1991ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದರು. ರೋಗದ ಹೆಸರಿಗೆ ಔಷಧ ಬರೆದು ಕಳುಹಿಸುವ ಬದಲು, ಆ ರೋಗ ಈ ವ್ಯಕ್ತಿಗೆ ಏಕೆ ಬಂತು, ಇವರ ಊಟ, ನಿದ್ರೆ, ದುಡಿಮೆ, ದುಗುಡಗಳು ಯಾವ ಬಗೆಯವು ಎಂದು ಮೊದಲಿನಿಂದ ವಿಚಾರಿಸುವುದು ಈ ಪದ್ಧತಿಯ ತಿರುಳು. ಆ ಪ್ರಶ್ನೆ ಒಳ್ಳೆಯದು. ಹಳೆಯ ಕಾಲದ ಮನೆವೈದ್ಯರು ಅದನ್ನೇ ಕೇಳುತ್ತಿದ್ದರು. ಆದರೆ ಪ್ರಶ್ನೆಯ ಬೆನ್ನಿಗೇ ಬರುವ ದುಬಾರಿ ಪರೀಕ್ಷೆಗಳಿಗೂ ಹತ್ತಾರು ಬಗೆಯ ಪೂರಕ ಮಾತ್ರೆಗಳಿಗೂ ಅಷ್ಟೇ ಬಲವಾದ ಆಧಾರವಿಲ್ಲ. ಆದ್ದರಿಂದ ಈ ಲೇಖನದಲ್ಲಿ ಆ ಪ್ರಶ್ನೆಯನ್ನು ಉಳಿಸಿಕೊಂಡು, ಉತ್ತರವನ್ನು ಅಡುಗೆಮನೆಯಲ್ಲಿ ಮತ್ತು ಕಾಲಿನ ಸ್ನಾಯುಗಳಲ್ಲಿ ಹುಡುಕಲಾಗಿದೆ.

ಮೊದಲ ಹಂತ: ಅಳತೆ

ಒಂದು ನೋಟ್‌ಪುಸ್ತಕ, ಟೈಲರ್‌ಗಳು ಬಳಸುವ ಒಂದು ಟೇಪು, ಸೆಕೆಂಡು ತೋರಿಸುವ ಒಂದು ಗಡಿಯಾರ ಇದ್ದರೆ ಸಾಕು. ಮೊದಲ ಪುಟದಲ್ಲಿ ದಿನಾಂಕ ಬರೆದು, ಈ ನಾಲ್ಕು ಅಳತೆಗಳನ್ನು ದಾಖಲಿಸಿಕೊಳ್ಳಬೇಕು.

ಗೋಡೆಗೆ ಒತ್ತಿ ನಿಲ್ಲಿಸಿದ, ಕೈಯಿಲ್ಲದ ಕುರ್ಚಿಯ ಮೇಲೆ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದು ಬಾರಿ ಪೂರ್ತಿ ಎದ್ದು ಕೂರಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂಬುದು ಮೊದಲನೆಯದು. ಸ್ನಾಯುಕ್ಷಯದ ಬಗ್ಗೆ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಒಪ್ಪಿದ ಮಾನದಂಡದಂತೆ, 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಕುಂದಿದೆ ಎಂದು ತಿಳಿಯಬೇಕು. ಎರಡನೆಯದು ಮೀನಖಂಡದ ಸುತ್ತಳತೆ. ಅತ್ಯಂತ ದಪ್ಪವಿರುವ ಕಡೆ ಟೇಪು ಸುತ್ತಿದಾಗ ಗಂಡಸರಿಗೆ 34 ಸೆಂ.ಮೀ.ಗಿಂತ, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದೇ ಗುಂಪಿನ ಪ್ರಕಾರ ಎಚ್ಚರಿಕೆಯ ಸೂಚನೆ. ಮೂರನೆಯದು ಹೊಟ್ಟೆಯ ಸುತ್ತಳತೆ. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಮೀನಖಂಡ ಸಣ್ಣಗಿದ್ದು ಹೊಟ್ಟೆ ದಪ್ಪಗಿರುವುದು ನಮ್ಮವರಲ್ಲಿ ಸಾಮಾನ್ಯ, ಮತ್ತು ತೂಕದ ಯಂತ್ರಕ್ಕೆ ಇದು ಕಾಣಿಸುವುದೇ ಇಲ್ಲ: ತೂಕ ಸರಿಯಾಗಿದೆ ಎಂದು ನೆಮ್ಮದಿಯಿಂದಿರುವವರಲ್ಲಿ ಸ್ನಾಯು ಕರಗಿ, ಅಷ್ಟೇ ಭಾರದ ಕೊಬ್ಬು ಹೊಟ್ಟೆಯಲ್ಲಿ ಸೇರಿರಬಹುದು. ನಾಲ್ಕನೆಯದು ಒಂಟಿ ಕಾಲಿನ ಮೇಲೆ ಹತ್ತು ಸೆಕೆಂಡು ನಿಲ್ಲುವುದು. ಅಡುಗೆಮನೆಯ ಕಟ್ಟೆಯ ಪಕ್ಕದಲ್ಲಿ, ಜೋಲಿ ಹೊಡೆದರೆ ತಕ್ಷಣ ಹಿಡಿಯುವಷ್ಟು ಹತ್ತಿರದಲ್ಲಿ ಇದನ್ನು ಮಾಡಬೇಕು; ತಲೆಸುತ್ತು ಇರುವವರು, ಈಗಾಗಲೇ ಬಿದ್ದು ಪೆಟ್ಟಾದವರು ಒಬ್ಬರೇ ಇದ್ದಾಗ ಇದಕ್ಕೆ ಕೈಹಾಕಬಾರದು.

ಕೈಯ ಹಿಡಿತದ ಬಲವನ್ನು ಅಳೆಯುವ ಯಂತ್ರ ಸಿಕ್ಕರೆ ಅದನ್ನೂ ನೋಡಿಸಿಕೊಳ್ಳಬಹುದು. 17 ದೇಶಗಳ ಸುಮಾರು ಒಂದು ಲಕ್ಷ ನಲವತ್ತು ಸಾವಿರ ಜನರನ್ನು ಒಳಗೊಂಡ, ಭಾರತದವರೂ ಇದ್ದ ‘ಪ್ಯೂರ್’ ಅಧ್ಯಯನದ 2015ರ ವರದಿಯಲ್ಲಿ, ಹಿಡಿತದ ಬಲ ಐದು ಕೆ.ಜಿ. ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಾಗಿದ್ದುದು ಕಂಡುಬಂತು. ಯಂತ್ರ ಇಲ್ಲದಿದ್ದರೆ ಚಿಂತೆಯಿಲ್ಲ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಮಗನನ್ನು ಕರೆಯುವುದು ಯಾವಾಗಿನಿಂದ ಶುರುವಾಯಿತು ಎಂಬುದನ್ನು ನೆನಪಿಸಿಕೊಂಡು ಬರೆದಿಟ್ಟರೂ ಆದೀತು.

ಎರಡನೆಯ ಹಂತ: ರಕ್ತಪರೀಕ್ಷೆ, ಅಗತ್ಯವಿರುವಷ್ಟು

ಐವತ್ತು ದಾಟಿದವರು ವರ್ಷಕ್ಕೊಮ್ಮೆ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಥೈರಾಯ್ಡ್ ಇಷ್ಟನ್ನು ನೋಡಿಸಿಕೊಂಡರೆ, ಸಸ್ಯಾಹಾರಿಗಳು ಇದಕ್ಕೆ ಬಿ12 ಸೇರಿಸಿಕೊಂಡರೆ, ಬಹುಪಾಲು ಜನರಿಗೆ ಸಾಕಾಗುತ್ತದೆ. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೇವೆ ಎಂದೂ, 6.5 ಮುಟ್ಟಿದರೆ ಒಳಗೆ ಕಾಲಿಟ್ಟಿದ್ದೇವೆ ಎಂದೂ ತಿಳಿಯಬೇಕು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಈ ಅಂಕಿ ನಿಜಕ್ಕಿಂತ ಹೆಚ್ಚಾಗಿ ತೋರಬಹುದಾದ್ದರಿಂದ ಅಂಥವರಿಗೆ ಖಾಲಿಹೊಟ್ಟೆಯ ಸಕ್ಕರೆಯನ್ನೂ ನೋಡಬೇಕಾಗುತ್ತದೆ.

ಇನ್ನು ಬೇಡವಾದ ಪರೀಕ್ಷೆಗಳ ಮಾತು. ನೂರಾರು ಆಹಾರ ಪದಾರ್ಥಗಳ ಪಟ್ಟಿ ಮಾಡಿ, ರಕ್ತದಲ್ಲಿನ ಐಜಿಜಿ ಎಂಬ ಪ್ರತಿಕಾಯದ ಅಂಶವನ್ನು ಅಳೆದು, ‘ನಿಮಗೆ ಹಾಲು ಆಗದು, ಕಡಲೆಕಾಯಿ ಆಗದು, ಗೋಧಿ ಆಗದು’ ಎಂದು ಬಣ್ಣದ ವರದಿ ಕೊಡುವ ಪರೀಕ್ಷೆಯನ್ನು ಅಮೆರಿಕ, ಕೆನಡಾಗಳ ಅಲರ್ಜಿ ತಜ್ಞರ ಸಂಘಗಳು ಒಪ್ಪುವುದಿಲ್ಲ. ಒಂದು ಆಹಾರವನ್ನು ತಿಂದು ಜೀರ್ಣಿಸಿಕೊಂಡಿದ್ದೇವೆ ಎಂಬುದಷ್ಟನ್ನೇ ಆ ಅಂಶ ಹೇಳುತ್ತಿರಬಹುದು. ನನ್ನ ಸಂಬಂಧಿಕರೊಬ್ಬರು ಇಂಥದೊಂದು ವರದಿಯನ್ನು ನಂಬಿ ಹಾಲು, ಮೊಸರು, ಹೆಸರುಬೇಳೆ ಮೂರನ್ನೂ ಎಂಟು ತಿಂಗಳು ಬಿಟ್ಟರು. ತೂಕ ಇಳಿಯಿತೆಂದು ಹಿಗ್ಗಿದರು. ಇಳಿದದ್ದು ಬಹುಪಾಲು ತೊಡೆಯಿಂದ ಎಂಬುದು ಮೆಟ್ಟಿಲು ಹತ್ತುವಾಗ ತಿಳಿಯಿತು.

ಮೂರನೆಯ ಹಂತ: ತಟ್ಟೆಯಲ್ಲಿ ಪ್ರೋಟೀನಿನ ಲೆಕ್ಕ

ಎಲ್ಲ ಹಂತಗಳಲ್ಲಿ ಇದಕ್ಕೆ ಹೆಚ್ಚು ಸಮಯ ಕೊಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ವಯಸ್ಸಾದವರ ಸ್ನಾಯುಗಳು ತಿಂದ ಪ್ರೋಟೀನನ್ನು ಮೊದಲಿನಷ್ಟು ಚುರುಕಾಗಿ ಬಳಸಿಕೊಳ್ಳುವುದಿಲ್ಲವಾದ್ದರಿಂದ, 65 ದಾಟಿದ ಆರೋಗ್ಯವಂತರಿಗೆ 1ರಿಂದ 1.2 ಗ್ರಾಂ ಬೇಕೆಂದು ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 2013ರಲ್ಲಿ ಸಲಹೆ ಮಾಡಿತು. ಅಂದರೆ ಅರವತ್ತು ಕೆ.ಜಿ. ತೂಕದವರಿಗೆ ದಿನಕ್ಕೆ ಕನಿಷ್ಠ ಅರವತ್ತು ಗ್ರಾಂ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರು ತಮ್ಮ ವೈದ್ಯರು ಹೇಳಿದ ಮಿತಿಯನ್ನೇ ಪಾಲಿಸಬೇಕು.

ನಮ್ಮ ಸಾಮಾನ್ಯ ಸಸ್ಯಾಹಾರಿ ಮನೆಯ ಒಂದು ದಿನವನ್ನು ಲೆಕ್ಕಹಾಕಿ ನೋಡೋಣ. ಬೆಳಿಗ್ಗೆ ಮೂರು ಇಡ್ಲಿ ಮತ್ತು ಕಾಯಿಚಟ್ನಿ ಸುಮಾರು ಎಂಟು ಗ್ರಾಂ. ಎರಡು ಹೊತ್ತಿನ ಕಾಫಿಗೆ ಬಳಸಿದ ಹಾಲಿನಿಂದ ಆರು ಗ್ರಾಂ. ಮಧ್ಯಾಹ್ನ ಅನ್ನ, ತಿಳಿಸಾರು, ಒಂದು ಪಲ್ಯ, ಮಜ್ಜಿಗೆ ಎಲ್ಲ ಸೇರಿ ಹದಿನಾಲ್ಕು. ರಾತ್ರಿ ಎರಡು ಚಪಾತಿ, ಪಲ್ಯ, ಅರ್ಧ ಬಟ್ಟಲು ಮೊಸರು ಹನ್ನೆರಡು. ಒಟ್ಟು ನಲವತ್ತು. ಹೊಟ್ಟೆ ತುಂಬಿರುತ್ತದೆ, ಊಟ ಸೊಗಸಾಗಿಯೂ ಇರುತ್ತದೆ, ಆದರೆ ಇಪ್ಪತ್ತು ಗ್ರಾಂ ಕೊರತೆ ಪ್ರತಿದಿನ ಸದ್ದಿಲ್ಲದೆ ಉಳಿದುಬಿಡುತ್ತದೆ.

ಈ ಕೊರತೆ ತುಂಬಲು ಡಬ್ಬಿಯ ಪುಡಿಯೇ ಬೇಕೆಂದಿಲ್ಲ. ಬೆಳಗಿನ ತಿಂಡಿಯ ಜೊತೆಗೆ ಒಂದು ಹಿಡಿ, ಅಂದರೆ ನೆನೆಸುವ ಮೊದಲಿನ ತೂಕದಲ್ಲಿ ಮೂವತ್ತು ಗ್ರಾಂ, ಮೊಳಕೆ ಹೆಸರುಕಾಳಿನ ಉಸಲಿ ಮಾಡಿಕೊಂಡರೆ ಏಳು ಗ್ರಾಂ ಸೇರುತ್ತದೆ. ಮಧ್ಯಾಹ್ನದ ತಿಳಿಸಾರನ್ನು ವಾರದಲ್ಲಿ ಒಂದೆರಡು ದಿನಕ್ಕೆ ಇಟ್ಟುಕೊಂಡು, ಉಳಿದ ದಿನ ಗಟ್ಟಿ ತೊವ್ವೆ, ಕಾಳಿನ ಹುಳಿ, ಕಾಳು ಸೊಪ್ಪಿನ ಬಸ್ಸಾರು ಮಾಡಿ ತಲೆಗೆ ನಲವತ್ತು ಗ್ರಾಂ ಬೇಳೆಕಾಳು ಬರುವಂತೆ ನೋಡಿಕೊಂಡರೆ ಇನ್ನೊಂದು ಆರು. ಬಸ್ಸಾರಿನ ವಿಷಯದಲ್ಲಿ ಒಂದು ಎಚ್ಚರಿಕೆ: ಬಸಿದ ಕಟ್ಟನ್ನು ಹಿರಿಯರಿಗೆ ಬಡಿಸಿ, ಕಾಳಿನ ಪಲ್ಯವನ್ನು ಮಕ್ಕಳಿಗೆ ಕೊಡುವ ಅಭ್ಯಾಸ ಹಲವು ಮನೆಗಳಲ್ಲಿದೆ, ಪ್ರೋಟೀನ್ ಇರುವುದು ಕಟ್ಟಿಗಿಂತ ಕಾಳಿನಲ್ಲಿ. ಸಂಜೆ ಬಿಸ್ಕತ್ತು, ರಸ್ಕಿನ ಬದಲು ಒಂದು ಹಿಡಿ ಬೇಯಿಸಿದ ಅಥವಾ ಹುರಿದ ಕಡಲೆಕಾಯಿ ತಿಂದರೆ ಆರು ಗ್ರಾಂ, ರಾತ್ರಿ ಮೊಸರನ್ನು ಅರ್ಧ ಬಟ್ಟಲಿನಿಂದ ಒಂದು ಬಟ್ಟಲಿಗೆ ಏರಿಸಿದರೆ ಮೂರು. ಈಗ ಒಟ್ಟು ಅರವತ್ತೆರಡು. ಬೇಳೆಕಾಳು ಹೆಚ್ಚಿಸಿದಷ್ಟು ಅನ್ನವನ್ನು ಒಂದು ಸೌಟು ಇಳಿಸಬೇಕು ಎಂಬುದನ್ನು ಮರೆಯಬಾರದು.

ಊರಿಗೆ ತಕ್ಕಂತೆ ದಾರಿಗಳು ಬೇರೆ. ಉತ್ತರ ಕರ್ನಾಟಕದವರಿಗೆ ಜೋಳದ ರೊಟ್ಟಿಯ ಜೊತೆಗೆ ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೈಗೆ ಸಿಗುವಂಥವೇ. ಕರಾವಳಿಯವರಿಗೆ ಬೂತಾಯಿ, ಬಂಗುಡೆಗಳಿವೆ; ನೂರು ಗ್ರಾಂ ಮೀನಿನಲ್ಲಿ ಹದಿನೆಂಟರಿಂದ ಇಪ್ಪತ್ತು ಗ್ರಾಂ ಪ್ರೋಟೀನ್ ಇರುತ್ತದೆ, ಹೃದಯಕ್ಕೆ ಹಿತವಾದ ಒಮೆಗಾ-3 ಕೊಬ್ಬು ಅದರ ಮೇಲಿನ ಲಾಭ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ ಆರು ಗ್ರಾಂ. ಮಲೆನಾಡಿನಲ್ಲೂ ಹಳೇ ಮೈಸೂರಿನಲ್ಲೂ ಬಳಕೆಯಲ್ಲಿರುವ ಹುರುಳಿಯಲ್ಲಿ ನೂರು ಗ್ರಾಂಗೆ ಸುಮಾರು ಇಪ್ಪತ್ತೆರಡು ಗ್ರಾಂ ಇದೆ. ಹಿರಿಯರಿಗೆ ಕಾಳು ವಾಯು ತರುತ್ತದೆ ಎಂಬ ದೂರು ಸುಳ್ಳಲ್ಲ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿ, ಇಂಗು ಹಾಕಿ ಒಗ್ಗರಣೆ ಕೊಟ್ಟು, ಮೊದಲ ವಾರ ಎರಡು ಚಮಚದಿಂದ ಆರಂಭಿಸಿದರೆ ಹೊಟ್ಟೆ ಕ್ರಮೇಣ ಹೊಂದಿಕೊಳ್ಳುತ್ತದೆ.

ರಾಗಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ರಾಗಿಯ ಮೇಲಿನ ಅಭಿಮಾನದಲ್ಲಿ ನಾವು ಅದರಿಂದ ಇಲ್ಲದ್ದನ್ನೂ ನಿರೀಕ್ಷಿಸುತ್ತೇವೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರ ನಲವತ್ತು ಮಿಲಿಗ್ರಾಂ ದಾಟಿ ಸುಣ್ಣದ, ಅಂದರೆ ಕ್ಯಾಲ್ಸಿಯಂ ಅಂಶವಿದೆ. ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಪ್ರೋಟೀನ್ ಏಳು ಗ್ರಾಂ ಮಾತ್ರ, ಅಂದರೆ ಅಕ್ಕಿಗಿಂತ ಹೆಚ್ಚೇನಲ್ಲ, ಮತ್ತು ಅದರ ಬಹುಭಾಗ ಪಿಷ್ಟವೇ. ಸಕ್ಕರೆ ಕಾಯಿಲೆ ಇರುವವರು ನುಣ್ಣನೆಯ ರಾಗಿ ಹಿಟ್ಟಿನ ಗಂಜಿಯನ್ನು ಬೆಲ್ಲ ಹಾಕಿ ಬೆಳಿಗ್ಗೆ ಖಾಲಿಹೊಟ್ಟೆಗೆ ಕುಡಿದರೆ ರಕ್ತದ ಸಕ್ಕರೆ ಸರ್ರನೆ ಏರಬಹುದು. ಮುದ್ದೆಯನ್ನು ಸಣ್ಣದು ಮಾಡಿ, ಜೊತೆಯ ಕಾಳಿನ ಸಾರನ್ನು ಗಟ್ಟಿ ಮಾಡಿ, ಸೊಪ್ಪನ್ನು ಹೆಚ್ಚಿಸಿದರೆ ಅದೇ ಊಟ ಬೇರೆ ರೀತಿ ವರ್ತಿಸುತ್ತದೆ. ಗದ್ದೆಯಲ್ಲಿ ದಿನವಿಡೀ ದುಡಿದ ಅಜ್ಜನ ಮುದ್ದೆಯ ಗಾತ್ರ, ಕಚೇರಿಯಿಂದ ನಿವೃತ್ತನಾದ ಮೊಮ್ಮಗನ ತಟ್ಟೆಗೆ ಒಪ್ಪುವುದಿಲ್ಲ.

ಕೊನೆಯದಾಗಿ, ತಿನ್ನುವ ಕ್ರಮ. ಕೋಸಂಬರಿ, ಪಲ್ಯ, ಕಾಳುಗಳನ್ನು ಮೊದಲು ತಿಂದು ಅನ್ನವನ್ನು ಆಮೇಲೆ ತಿಂದರೆ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ ಎಂದು ಸಣ್ಣ ಪ್ರಯೋಗಗಳು ತೋರಿಸಿವೆ. ಎಲೆಯ ತುದಿಗೆ ಮೊದಲು ಕೋಸಂಬರಿ ಬಡಿಸುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ಅದು ಮದುವೆಯ ಊಟಕ್ಕಷ್ಟೇ ಸೀಮಿತವಾಗಬೇಕಿಲ್ಲ.

ನಾಲ್ಕನೆಯ ಹಂತ: ಸ್ನಾಯುಗಳಿಗೆ ಕೆಲಸ

ತಿಂದ ಪ್ರೋಟೀನ್ ಸ್ನಾಯುವಾಗಬೇಕಾದರೆ ಸ್ನಾಯುವಿಗೆ ಭಾರ ಬೀಳಬೇಕು. ‘ದಿನಾ ಒಂದು ಗಂಟೆ ವಾಕಿಂಗ್ ಮಾಡುತ್ತೇನೆ’ ಎನ್ನುವವರಿಗೆ ಬೇಸರವಾಗಬಹುದು, ಆದರೆ ನಡಿಗೆ ಹೃದಯಕ್ಕೆ ಒಳ್ಳೆಯದೇ ಹೊರತು ತೊಡೆಯ ಬಲವನ್ನು ಉಳಿಸಲು ಅದೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮದ ಜೊತೆಗೆ, ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ, ಹಿರಿಯರಿಗೆ ಮೂರು ದಿನ ಸಮತೋಲದ ಅಭ್ಯಾಸವನ್ನೂ ಹೇಳುತ್ತದೆ. ವಯಸ್ಸಾಯಿತು, ಇನ್ನೇನು ಎನ್ನುವವರು 1990ರಲ್ಲಿ ಅಮೆರಿಕದ ವೈದ್ಯೆ ಮಾರಿಯಾ ಫಿಯಟರೋನ್ ಪ್ರಕಟಿಸಿದ ಪ್ರಯೋಗವನ್ನು ತಿಳಿದುಕೊಳ್ಳಬೇಕು: ವೃದ್ಧಾಶ್ರಮವೊಂದರಲ್ಲಿದ್ದ, ಸರಾಸರಿ ತೊಂಬತ್ತು ವಯಸ್ಸಿನ ಹತ್ತು ಮಂದಿ ಎಂಟು ವಾರ ಕಾಲಿನಿಂದ ಭಾರ ಎತ್ತುವ ಅಭ್ಯಾಸ ಮಾಡಿದಾಗ ಕೊನೆಯವರೆಗೂ ಮುಂದುವರಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು.

ಮನೆಯಲ್ಲೇ ಹೀಗೆ ಆರಂಭಿಸಬಹುದು. ಮೊದಲ ಎರಡು ವಾರ, ಒಂದು ದಿನ ಬಿಟ್ಟು ಒಂದು ದಿನ, ಕುರ್ಚಿಯಿಂದ ಎಂಟು ಬಾರಿ ಎದ್ದು ಕೂರುವುದು, ಒಂದು ನಿಮಿಷ ಸುಧಾರಿಸಿಕೊಂಡು ಮತ್ತೆ ಎಂಟು ಬಾರಿ. ಕೂರುವಾಗ ಧೊಪ್ಪನೆ ಬೀಳದೆ ಮನಸ್ಸಿನಲ್ಲಿ ಮೂರು ಎಣಿಸುತ್ತ ನಿಧಾನವಾಗಿ ಇಳಿಯಬೇಕು, ಏಕೆಂದರೆ ನಿಧಾನವಾಗಿ ಇಳಿದಷ್ಟೂ ತೊಡೆಗೆ ಹೆಚ್ಚು ಕೆಲಸ. ಉಸಿರು ಬಿಗಿಹಿಡಿಯಬಾರದು. ಇದರ ಜೊತೆಗೆ ಗೋಡೆಗೆ ಎರಡು ಕೈ ಊರಿ ಎದೆಯನ್ನು ಗೋಡೆಯತ್ತ ತಂದು ಹಿಂದಕ್ಕೆ ತಳ್ಳುವುದನ್ನೂ, ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನೂ ಎಂಟೆಂಟು ಬಾರಿ ಮಾಡಬೇಕು. ಮೂರನೆಯ ವಾರ ಎಂಟನ್ನು ಹನ್ನೆರಡಕ್ಕೆ ಏರಿಸಿ, ಐದನೆಯ ವಾರದಿಂದ ಎದೆಗವಚಿ ಒಂದು ಕೆ.ಜಿ. ಸಕ್ಕರೆಯ ಪೊಟ್ಟಣ ಹಿಡಿದುಕೊಂಡು ಏಳಬಹುದು, ಆಮೇಲೆ ಎರಡು ಕೆ.ಜಿ. ಕೊನೆಯ ಎರಡು ಬಾರಿ ಏಳುವಾಗ ಕಷ್ಟವೆನಿಸಬೇಕು. ಕಷ್ಟವೇ ಆಗದಿದ್ದರೆ ಸ್ನಾಯುವಿಗೆ ಬೆಳೆಯಲು ಕಾರಣವೇ ಇರುವುದಿಲ್ಲ. ಮಾರನೆಯ ದಿನ ಸ್ನಾಯುವಿನಲ್ಲಿ ತುಸು ನೋವು ಸಹಜ, ಆದರೆ ಕೀಲಿನಲ್ಲಿ ಚುಚ್ಚಿದಂತೆ ನೋವು, ಎದೆಯಲ್ಲಿ ಹಿಡಿತ, ಕಣ್ಣು ಕತ್ತಲಿಡುವುದು ಇವು ಸಹಜವಲ್ಲ. ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನೆಲದ ಮೇಲೆ ಕೂರುವ ಅಭ್ಯಾಸ ತಪ್ಪಿಹೋದವರು ಅವಸರಪಡದೆ ಹಂತಹಂತವಾಗಿ ಇಳಿಯಬೇಕು: ಮೊದಲು ತಗ್ಗಿನ ಸ್ಟೂಲು, ಒಂದು ತಿಂಗಳಾದ ಮೇಲೆ ಎರಡು ದಿಂಬು ಇಟ್ಟ ಮಣೆ, ಕೊನೆಗೆ ಬರಿಯ ಮಣೆ. ಏಳುವಾಗ ಒಂದು ಮಂಡಿಯೂರಿ, ಇನ್ನೊಂದು ಪಾದವನ್ನು ಮುಂದೆ ಇಟ್ಟು, ಆ ಕಾಲಿನ ಬಲದಿಂದ ಏಳುವುದನ್ನು ರೂಢಿಸಿಕೊಳ್ಳುವುದು ಕ್ಷೇಮ. ಮಂಡಿ ಬದಲಾಯಿಸಿಕೊಂಡವರು, ಮಂಡಿ ತೀರಾ ಸವೆದವರು ಈ ಭಾಗವನ್ನು ಬಿಟ್ಟು ಕುರ್ಚಿಯ ಅಭ್ಯಾಸದಲ್ಲೇ ಮುಂದುವರಿಯಲಿ.

ಐದನೆಯ ಹಂತ: ರಾತ್ರಿಯ ಊಟ, ನಿದ್ರೆ, ಉಪ್ಪು

ಧಾರಾವಾಹಿ ಮುಗಿಸಿ ಒಂಬತ್ತೂವರೆಗೆ ಉಂಡು ಹತ್ತಕ್ಕೆ ಮಲಗುವ ಪದ್ಧತಿಯನ್ನು ಎಂಟರೊಳಗಿನ ಊಟಕ್ಕೆ ತಂದು, ಉಂಡ ನಂತರ ಹತ್ತು ಹದಿನೈದು ನಿಮಿಷ ಅಂಗಳದಲ್ಲೋ ವರಾಂಡದಲ್ಲೋ ನಡೆದರೆ ಸಕ್ಕರೆಯ ಹತೋಟಿಗೆ ನೆರವಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತನ್ನು ಬದಲಿಸುವ ಮೊದಲು ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಬೇಕು. ಏಳೆಂಟು ಗಂಟೆ ನಿದ್ರೆ ವಯಸ್ಸಾದವರಿಗೂ ಬೇಕು. ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುವುದನ್ನು ಮನೆಯವರು ಗಮನಿಸಿದ್ದರೆ ಅದನ್ನು ತಮಾಷೆಯಾಗಿ ತೆಗೆದುಕೊಳ್ಳದೆ ಪರೀಕ್ಷಿಸಿಕೊಳ್ಳಬೇಕು.

ಉಪ್ಪು ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರ ಎಲ್ಲದರ ಉಪ್ಪೂ ಈ ಲೆಕ್ಕದೊಳಗೇ ಬರುತ್ತದೆ. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರೂ ಕೆಲವು ಬಗೆಯ ಬಿ.ಪಿ. ಮಾತ್ರೆ ನುಂಗುವವರೂ ಕೇಳದೆ ಬಳಸಬಾರದು.

ಆರನೆಯ ಹಂತ: ಮಾತ್ರೆಗಳ ಡಬ್ಬಿಯನ್ನು ಬರಿದು ಮಾಡಿ ನೋಡುವುದು

ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಟಾನಿಕ್, ಚೂರ್ಣಗಳನ್ನು ಮೇಜಿನ ಮೇಲೆ ಹರಡಿ, ಪ್ರತಿಯೊಂದನ್ನೂ ಯಾರು, ಯಾವಾಗ, ಏಕೆ ಹೇಳಿದರು, ಎಷ್ಟು ದಿನಕ್ಕೆ ಹೇಳಿದರು ಎಂದು ಬರೆಯಬೇಕು. ಬರೆಯಲಾಗದವು ಕೆಲವು ಖಂಡಿತ ಸಿಗುತ್ತವೆ. ಆ ಪಟ್ಟಿಯನ್ನು ವೈದ್ಯರ ಮುಂದಿಟ್ಟು ಯಾವುದು ಬೇಕು, ಯಾವುದು ಬೇಡ ಎಂದು ಕೇಳಬೇಕು. ಬರೆದುಕೊಟ್ಟ ಔಷಧಗಳನ್ನು ತಾವೇ ನಿಲ್ಲಿಸಬಾರದು.

ಇಲ್ಲಿ ಎರಡು ವಿಟಮಿನ್‌ಗಳು ಮುಖ್ಯ. ಬಿ12 ಸಹಜವಾಗಿ ದೊರೆಯುವುದು ಪ್ರಾಣಿಜನ್ಯ ಆಹಾರದಿಂದ ಮಾತ್ರ. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಅಸಿಡಿಟಿ ಮಾತ್ರೆ ನುಂಗುವವರಲ್ಲಿ ಅದು ಕಡಿಮೆಯಾಗುತ್ತದೆ, ಪಾದ ಜೋಮು ಹಿಡಿಯುತ್ತದೆ, ಮರೆವು ಬರುತ್ತದೆ, ಅದನ್ನು ವಯಸ್ಸಿನ ಮೇಲೆ ಹೊರಿಸುತ್ತೇವೆ. ಇದಕ್ಕೆ ಮಾತ್ರೆ ನಿಜಕ್ಕೂ ಬೇಕು, ಮತ್ತು ಅಗ್ಗವಾಗಿಯೂ ಇದೆ. ಡಿ ವಿಟಮಿನ್ನಿನ ಕತೆ ಬೇರೆ. ಕೊರತೆ ಇದ್ದಾಗ ವಾರಕ್ಕೊಂದರಂತೆ ಕೆಲವು ವಾರಗಳಿಗೆಂದು ಬರೆದುಕೊಡುವ 60,000 ಯೂನಿಟ್‌ನ ಪೊಟ್ಟಣವನ್ನು ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಕೊಳ್ಳುವವರಿದ್ದಾರೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಕೊರತೆಯಿಲ್ಲದವರಿಗೆ ಇದರಿಂದ ಆಯಸ್ಸೂ ಕೂಡುವುದಿಲ್ಲ: ಅಮೆರಿಕದಲ್ಲಿ 25,871 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ವೈಟಲ್’ ಪ್ರಯೋಗದಲ್ಲಿ ಡಿ ವಿಟಮಿನ್ ಕ್ಯಾನ್ಸರನ್ನಾಗಲಿ ಹೃದಯಾಘಾತವನ್ನಾಗಲಿ ತಡೆಯಲಿಲ್ಲ.

ಏಳನೆಯ ಹಂತ: ಕಿವಿ, ಕಣ್ಣು, ಹಲ್ಲು

ಮರೆವಿನ ಕಾಯಿಲೆಗೆ ಸಂಬಂಧಿಸಿದ, ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿಮಾಡಿದ, ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳಲ್ಲಿ ಕಿವಿ ಕೇಳಿಸದಿರುವುದೂ, ಕಣ್ಣಿನ ತೊಂದರೆಗೆ ಚಿಕಿತ್ಸೆ ಪಡೆಯದಿರುವುದೂ, ಒಂಟಿತನವೂ ಇವೆ. ನಮ್ಮ ಜನರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ದೀರ್ಘಕಾಲದ ಅಧ್ಯಯನದ ಮೂಲಕ ನೋಡುತ್ತಿದೆ. ಅದರ ಫಲ ಬರುವವರೆಗೆ ಕಾಯದೆ ಮಾಡಬಹುದಾದದ್ದು ಇಷ್ಟು: ಕಿವಿಯ ಯಂತ್ರವನ್ನು ನಾಚಿಕೆಯಿಲ್ಲದೆ ಹಾಕಿಕೊಳ್ಳುವುದು, ಪೊರೆಯ ಶಸ್ತ್ರಚಿಕಿತ್ಸೆಯನ್ನು ಮುಂದೂಡದಿರುವುದು. ಹಲ್ಲಿನ ವಿಷಯ ಮತ್ತೆ ತಟ್ಟೆಗೇ ಬಂದು ಸೇರುತ್ತದೆ. ಅಗಿಯಲಾಗದವರು ಮೊದಲು ಬಿಡುವುದು ಕಾಳು, ಕಡಲೆಕಾಯಿ, ಮಾಂಸಗಳನ್ನು, ಕೊನೆಗೆ ಉಳಿಯುವುದು ಮೆತ್ತನೆಯ ಅನ್ನ, ತಿಳಿಸಾರು. ದಂತಪಂಕ್ತಿ ಕಟ್ಟಿಸುವವರೆಗೆ ಕಾಳನ್ನು ಬೇಯಿಸಿ ರುಬ್ಬಿ ಸಾರಿಗೆ ಬೆರೆಸಬಹುದು, ಕಡಲೆಕಾಯಿಯನ್ನು ಚಟ್ನಿಪುಡಿ ಮಾಡಬಹುದು.

ಮೂರು ತಿಂಗಳ ನಂತರ

ಅದೇ ಕುರ್ಚಿ, ಅದೇ ಟೇಪು, ದಿನದ ಅದೇ ಹೊತ್ತಿನಲ್ಲಿ ನಾಲ್ಕೂ ಅಳತೆಗಳನ್ನು ಮತ್ತೆ ತೆಗೆದು ಮೊದಲ ಪುಟದ ಎದುರಿಗೆ ಬರೆಯಬೇಕು. ಕುರ್ಚಿಯಿಂದೇಳುವ ಸಮಯ ಹದಿನಾಲ್ಕು ಸೆಕೆಂಡಿನಿಂದ ಹನ್ನೊಂದಕ್ಕೆ ಇಳಿದಿದ್ದರೆ, ತೂಕ ಒಂದು ಗ್ರಾಂ ಕೂಡ ಬದಲಾಗದಿದ್ದರೂ ದಾರಿ ಸರಿಯಿದೆ. ಊಟ, ಅಭ್ಯಾಸ ಎರಡೂ ಸರಿಯಾಗಿ ನಡೆದಿದ್ದರೂ ಬಲ ಇನ್ನಷ್ಟು ಕುಂದಿದ್ದರೆ, ಪ್ರಯತ್ನಿಸದೆಯೇ ಆರು ತಿಂಗಳಲ್ಲಿ ಮೂರು ನಾಲ್ಕು ಕೆ.ಜಿ. ಇಳಿದಿದ್ದರೆ, ಹಸಿವೆಯೇ ಇಲ್ಲವಾಗಿದ್ದರೆ ಅಥವಾ ಈ ನಡುವೆ ಎರಡು ಬಾರಿ ಬಿದ್ದಿದ್ದರೆ, ನೋಟ್‌ಪುಸ್ತಕವನ್ನು ಜೊತೆಗೆ ತೆಗೆದುಕೊಂಡೇ ವೈದ್ಯರ ಬಳಿ ಹೋಗಬೇಕು. ಅವರು ಕೇಳುವ ಮೊದಲ ಹತ್ತು ಪ್ರಶ್ನೆಗಳಿಗೆ ಉತ್ತರ ಅದರಲ್ಲಿರುತ್ತದೆ.